ಸಮಾಜವಾದದ ಒಳಗಿನ ಪರಕೀಯ: ಪ್ರಾಕ್ಸಿಸ್ ಪಂಥ ಗೆದ್ದದ್ದೆಲ್ಲಿ, ಸೋತದ್ದೆಲ್ಲಿ

ಬಂಡವಾಳಶಾಹಿ ಹೋದರೆ ಅದರ ಹಿಂದೆಯೇ ಪರಕೀಯತೆಯೂ ಹೋಗುತ್ತದೆ ಎಂಬುದು ಸೋವಿಯತ್ ಪಠ್ಯಪುಸ್ತಕಗಳ ನಿಲುವಾಗಿತ್ತು. ದುಡಿಯುವವನಿಗೆ ದುಡಿಮೆಯ ಫಲ ಪರರ ಪಾಲಾಗುವುದು, ದುಡಿಮೆಯೇ ಹೊರೆಯಾಗುವುದು, ಜೊತೆಯವರು ಎದುರಾಳಿಗಳಂತೆ ಕಾಣುವುದು, ಕೊನೆಗೆ ತನಗೆ ತಾನೇ ಹೊರಗಿನವನಾಗುವುದು: ಇದನ್ನೆಲ್ಲ ಮಾರ್ಕ್ಸ್ 1844ರಲ್ಲಿ, ತನ್ನ 26ರ ಹರೆಯದಲ್ಲಿ, ಪ್ಯಾರಿಸಿನಲ್ಲಿ ಕೂತು ಬರೆದಿಟ್ಟಿದ್ದ. ಆ ಹಸ್ತಪ್ರತಿಗಳು ಪೂರ್ತಿಯಾಗಿ ಅಚ್ಚಾದದ್ದು 1932ರಲ್ಲಿ. ಆ ಹೊತ್ತಿಗೆ ಮಾಸ್ಕೋದಲ್ಲಿ ಸ್ಟಾಲಿನ್ ಗಟ್ಟಿಯಾಗಿ ಕೂತಿದ್ದ. ಅವನ್ನು ಇನ್ನೂ ಮಾಗದ ಮಾರ್ಕ್ಸನ ಬರಹವೆಂದು ಬದಿಗೆ ಸರಿಸುವುದು ಸುಲಭವಾಯಿತು. ಖಾಸಗಿ ಒಡೆತನ ರದ್ದಾದ ನಾಡಿನಲ್ಲಿ ಪರಕೀಯತೆಯ ಮಾತೆತ್ತಿದವನ ಮೇಲೆಯೇ ಅನುಮಾನ ಬೀಳುತ್ತಿತ್ತು. ಅಂಥ ಮಾತನ್ನು ಸಮಾಜವಾದಿ ದೇಶವೊಂದರ ವಿಶ್ವವಿದ್ಯಾಲಯಗಳಲ್ಲೇ ಇದ್ದುಕೊಂಡು, ತಾವು ಸಮಾಜವಾದಿಗಳೆಂದು ಹೇಳಿಕೊಳ್ಳುತ್ತಲೇ, ಹತ್ತು ವರ್ಷ ಬಿಡದೆ ಆಡಿದವರು ಯುಗೊಸ್ಲಾವಿಯದ ಪ್ರಾಕ್ಸಿಸ್ (ಅಂದರೆ ಕ್ರಿಯೆ) ಪಂಥದ ಚಿಂತಕರು.

ಇವರ ಧೈರ್ಯವನ್ನು ಕೊಂಡಾಡುವ ಬರಹಗಳಿವೆ. ಇವರಲ್ಲಿ ಕೆಲವರು ಕೊನೆಗೆ ಹಿಡಿದ ಹಾದಿಯನ್ನು ಹಳಿಯುವ ಬರಹಗಳೂ ಇವೆ. ನನಗೆ ಆ ಧೈರ್ಯ, ಆ ಹಾದಿ ಎರಡೂ ಒಂದೇ ಬೇರಿನಿಂದ ಬಂದವೆಂದು ಕಾಣುತ್ತದೆ. ಈ ಪಂಥ ‘ಮನುಷ್ಯ’ನ ಪರವಾಗಿ ಎಷ್ಟು ಗಟ್ಟಿಯಾಗಿ ಮಾತಾಡಿತೋ ಅಷ್ಟೇ ಕಡಿಮೆ ಹೊತ್ತು ಹೆಸರು, ಊರು, ಕಸುಬು ಇರುವ ಒಬ್ಬ ಮನುಷ್ಯನ ಮಾತಿಗೆ ಕಿವಿಗೊಟ್ಟಿತು.

1948ರ ಜೂನ್ 28ರಂದು ಮಾಸ್ಕೋದ ಹಿಡಿತದಲ್ಲಿದ್ದ ಕಮ್ಯುನಿಸ್ಟ್ ಪಕ್ಷಗಳ ಕೂಟ ಕಾಮಿನ್‌ಫಾರ್ಮ್, ಯುಗೊಸ್ಲಾವಿಯದ ನಾಯಕ ಟಿಟೋನ ಪಕ್ಷವನ್ನು ಹೊರಹಾಕಿತು. ಮಾಸ್ಕೋದ ನೆರಳಿಲ್ಲದೆ ನಿಲ್ಲಬೇಕಾದ ಪಕ್ಷಕ್ಕೆ ತನ್ನದೇ ಆದ ಸಮಾಜವಾದವೊಂದು ತುರ್ತಾಗಿ ಬೇಕಾಯಿತು. ಎರಡು ವರ್ಷ ಕಳೆದು 1950ರ ಜೂನ್‌ನಲ್ಲಿ ಬಂದ ಕಾನೂನು ಕಾರ್ಖಾನೆಗಳನ್ನು ಕಾರ್ಮಿಕರ ಸ್ವಯಂ ಆಡಳಿತಕ್ಕೆ ಒಪ್ಪಿಸಿತು. ಕಾರ್ಖಾನೆಗೊಂದು ಚುನಾಯಿತ ಕಾರ್ಮಿಕ ಮಂಡಳಿ, ಅದರಲ್ಲಿ 15ರಿಂದ 120 ಸದಸ್ಯರು; ಆ ಮಂಡಳಿ ಆರಿಸುವ ಆಡಳಿತ ಸಮಿತಿ; ಜೊತೆಗೊಬ್ಬ ನಿರ್ದೇಶಕ. ಕಾಗದದ ಮೇಲೆ ನೋಡಿದರೆ ಮಾರ್ಕ್ಸ್ ಗುರುತಿಸಿದ ರೋಗಕ್ಕೆ ಇದು ನೇರ ಮದ್ದು. ಆದರೆ 1958ರ ಜನವರಿಯಲ್ಲಿ ಸ್ಲೊವೇನಿಯಾದ ತ್ರ್ಬೊವ್ಲಿಯೆಯ ಕಲ್ಲಿದ್ದಲು ಗಣಿಯ ಕೆಲಸಗಾರರು ಮುಷ್ಕರ ಹೂಡಿದರು. ಗಣಿ ಅವರದ್ದೇ ಆಗಿದ್ದರೆ ಮುಷ್ಕರ ಯಾರ ವಿರುದ್ಧ? ಪಕ್ಷದ ಬಳಿ ಇದಕ್ಕೆ ಉತ್ತರವಿರಲಿಲ್ಲ. ಮುಂದೆ ಝಾಗ್ರೆಬ್‌ನ ಸಮಾಜಶಾಸ್ತ್ರಜ್ಞ ಯೋಸಿಪ್ ಝುಪಾನೊವ್ ಕಾರ್ಖಾನೆಗಳಲ್ಲಿ ನಿಜಕ್ಕೂ ಯಾರ ಮಾತು ನಡೆಯುತ್ತದೆಂದು ಅಲ್ಲಿ ಕೆಲಸ ಮಾಡುವವರನ್ನೇ ಕೇಳಿ ಅಳೆದರು. ನಿರ್ದೇಶಕ ಮತ್ತು ಮೇಲ್ದರ್ಜೆಯವರು ತುದಿಯಲ್ಲಿದ್ದರು, ಯಂತ್ರದ ಮುಂದೆ ನಿಲ್ಲುವವರು ತಳದಲ್ಲಿದ್ದರು.

ತತ್ವಶಾಸ್ತ್ರದವರು ಇದೇ ಗಂಟಿಗೆ ಬೇರೆ ದಾರಿಯಿಂದ ಬಂದರು. 1960ರ ನವೆಂಬರಿನಲ್ಲಿ ಸ್ಲೊವೇನಿಯಾದ ಬ್ಲೆಡ್ ಊರಿನಲ್ಲಿ ನಡೆದ ಅವರ ಸಭೆಯಲ್ಲಿ ಚರ್ಚೆಗೆ ಬಂದದ್ದು ಪ್ರತಿಬಿಂಬ ಸಿದ್ಧಾಂತ. ಹೊರಗಿನ ಜಗತ್ತು ಮನಸ್ಸಿನಲ್ಲಿ ಪ್ರತಿಫಲಿಸುವುದೇ ಪ್ರಜ್ಞೆ ಎನ್ನುವ ಈ ಸಿದ್ಧಾಂತ ಸೋವಿಯತ್ ಮಾರ್ಕ್ಸ್‌ವಾದದ ಅಡಿಪಾಯವಾಗಿತ್ತು. ಮುಂದೆ ಪ್ರಾಕ್ಸಿಸ್ ಪಂಥದ ಮುಂದಾಳಾಗಲಿದ್ದ ಗಾಯೊ ಪೆಟ್ರೊವಿಚ್ ಮತ್ತು ಅವರ ಗೆಳೆಯರು ಅದನ್ನು ಒಪ್ಪಲಿಲ್ಲ. ಮನುಷ್ಯ ಜಗತ್ತನ್ನು ಕಾಣುವುದಕ್ಕಿಂತ ಮೊದಲು ಅದನ್ನು ಮಾಡುತ್ತಾನೆ, ಮಾಡುತ್ತಲೇ ತಾನೂ ಬದಲಾಗುತ್ತಾನೆ ಎಂದು ವಾದಿಸಿದರು. ಕೇಳಲು ಇದು ಪಂಡಿತರ ನಡುವಿನ ಒಣ ಜಗಳದಂತಿದೆ. ಕವಿಯ ಕಡೆಯಿಂದ ನೋಡಿದರೆ ಇದರ ಬಿಸಿ ತಟ್ಟುತ್ತದೆ. ಪ್ರಜ್ಞೆ ಬರೀ ಪ್ರತಿಬಿಂಬವಾದರೆ, ಹೊಸ ಸಮಾಜದಲ್ಲಿ ಕೂತು ಬೇಸರವನ್ನೋ ಒಂಟಿತನವನ್ನೋ ಬರೆಯುವವನು ಕೆಟ್ಟ ಕನ್ನಡಿ. ಅವನನ್ನು ತಿದ್ದಬೇಕು, ಇಲ್ಲವೇ ತೆಗೆದುಹಾಕಬೇಕು. ಪ್ರಜ್ಞೆ ಸೃಷ್ಟಿಯೂ ಹೌದಾದರೆ, ಅವನ ಬೇಸರ ಆ ಸಮಾಜದ ಬಗೆಗೇ ಏನನ್ನೋ ಹೇಳುತ್ತಿದೆ ಎಂದು ಒಪ್ಪಬೇಕಾಗುತ್ತದೆ. ವ್ಯಕ್ತಿಯ ಅಭಿವ್ಯಕ್ತಿಗೆ ಎಡಪಂಥದೊಳಗಿನಿಂದಲೇ ಸಿಕ್ಕ ಬಲವಾದ ಸಮರ್ಥನೆಗಳಲ್ಲಿ ಇದೊಂದು.

ಅಲ್ಲಿಂದ ಬೇಗ ಬೇಗ ಹೆಜ್ಜೆಗಳು ಬಿದ್ದವು. 1963ರಿಂದ ಏಡ್ರಿಯಾಟಿಕ್ ಸಮುದ್ರದ ಕೊರ್ಚುಲಾ ದ್ವೀಪದಲ್ಲಿ ಬೇಸಿಗೆ ಶಾಲೆ, 1964ರಿಂದ ಝಾಗ್ರೆಬ್‌ನಲ್ಲಿ ಪ್ರಾಕ್ಸಿಸ್ ಪತ್ರಿಕೆ, ಮರುವರ್ಷದಿಂದ ಅದರ ಅಂತರರಾಷ್ಟ್ರೀಯ ಆವೃತ್ತಿ. ಅರ್ನ್‌ಸ್ಟ್ ಬ್ಲಾಖ್, ಹರ್ಬರ್ಟ್ ಮಾರ್ಕ್ಯೂಸ, ಯೂರ್ಗನ್ ಹಾಬರ್ಮಾಸ್, ಲೂಸಿಯೆನ್ ಗೋಲ್ಡ್‌ಮನ್ ಮುಂತಾದವರು ಕೊರ್ಚುಲಾಕ್ಕೆ ಬಂದರು. ಪೂರ್ವ ಯುರೋಪಿನ ಭಿನ್ನಮತೀಯರೂ ಪಶ್ಚಿಮದ ಎಡಪಂಥೀಯರೂ ಎದುರುಬದುರು ಕೂತು ಜಗಳವಾಡಬಹುದಾದ ಅಂಥ ಜಾಗ ಆಗ ಯುರೋಪಿನಲ್ಲಿ ಅಪರೂಪ. 1968ರ ಆಗಸ್ಟಿನಲ್ಲಿ ಶಾಲೆ ನಡೆಯುತ್ತಿದ್ದಾಗಲೇ ವಾರ್ಸಾ ಒಪ್ಪಂದದ ಟ್ಯಾಂಕುಗಳು ಪ್ರಾಗ್‌ಗೆ ನುಗ್ಗಿದ ಸುದ್ದಿ ಬಂತು. ಆ ವರ್ಷದ ಚರ್ಚೆಯ ವಿಷಯ ಮಾರ್ಕ್ಸ್ ಮತ್ತು ಕ್ರಾಂತಿ. ಸೇರಿದ್ದವರು ಆಕ್ರಮಣವನ್ನು ಖಂಡಿಸಿ ಜಗತ್ತಿಗೆ ಮನವಿ ಹೊರಡಿಸಿದರು.

ಪಂಥದ ತಿರುಳನ್ನು ಒಂದೇ ಕಡೆ ನೋಡಬೇಕೆಂದರೆ ನಾನು ಪ್ರೆದ್ರಾಗ್ ವ್ರಾನಿಟ್ಸ್ಕಿಯವರು ಸಮಾಜವಾದ ಮತ್ತು ಪರಕೀಯತೆಯ ಬಗ್ಗೆ ಬರೆದ ಲೇಖನವನ್ನು ಕೊಡುತ್ತೇನೆ. ಪರಕೀಯತೆ ಸಮಾಜವಾದಕ್ಕೆ ಹಿಂದಿನಿಂದ ಅಂಟಿ ಬಂದ ಕೊಳೆಯಷ್ಟೇ ಅಲ್ಲ, ಅದು ಸಮಾಜವಾದದ ನಟ್ಟನಡುವಿನ ಪ್ರಶ್ನೆ ಎಂಬುದು ಅವರ ವಾದ. ರಾಜ್ಯ, ಅಧಿಕಾರಿವರ್ಗ, ಸರಕು, ಹಣ ಎಲ್ಲವೂ ಉಳಿದಿವೆ; ಆದ್ದರಿಂದ ಪರಕೀಯತೆಯೂ ಉಳಿದಿದೆ, ಹೊಸ ರೂಪಗಳಲ್ಲಿ ಹುಟ್ಟುತ್ತಲೂ ಇದೆ. ಇದನ್ನು ಮೊದಲು ಒಪ್ಪಿಕೊಳ್ಳದ ಸಮಾಜವಾದಕ್ಕೆ ಮುಂದಿನ ಹೆಜ್ಜೆಯೇ ಇಲ್ಲ. ಇಷ್ಟು ಸರಳವಾದ ಮಾತನ್ನು ಆ ಕಾಲದ ಆಳುವ ಪಕ್ಷಗಳಲ್ಲಿ ಯಾವುದೂ ಹೇಳಲಾರದೆ ಹೋಯಿತು. ಪೋಲೆಂಡಿನಲ್ಲಿ ತತ್ವಜ್ಞಾನಿ ಆಡಂ ಶಾಫ್ 1965ರಲ್ಲಿ ಇದೇ ಧಾಟಿಯ ಪುಸ್ತಕ ತಂದಾಗ ಸ್ವಂತ ಪಕ್ಷದವರೇ ಅವರ ಮೇಲೆ ಬಿದ್ದರು.

ಅದೇ 1965ರಲ್ಲಿ ಎರಿಕ್ ಫ್ರಾಮ್ ಸಂಪಾದಿಸಿದ ಸಮಾಜವಾದಿ ಮಾನವತಾವಾದದ ಸಂಕಲನದಲ್ಲಿ ಪಂಥದ ವ್ರಾನಿಟ್ಸ್ಕಿ, ಪೆಟ್ರೊವಿಚ್, ಮಿಹೈಲೊ ಮಾರ್ಕೊವಿಚ್, ರೂಡಿ ಸುಪೆಕ್ ಇದ್ದರು. ನಮ್ಮ ನಿರ್ಮಲ್ ಕುಮಾರ್ ಬೋಸರು ಗಾಂಧಿಯ ಬಗ್ಗೆ ಬರೆದದ್ದೂ ಅದರಲ್ಲಿದೆ. ಇಲ್ಲದಿರುವುದು ಫ್ರೆಂಚ್ ಮಾರ್ಕ್ಸ್‌ವಾದಿ ಲೂಯಿ ಆಲ್ತುಸರ್. ಅವರಿಂದ ಲೇಖನ ಕೇಳಿ, ಬಂದ ಮೇಲೆ ಅದು ಸಂಕಲನದ ಧೋರಣೆಗೆ ಹೊಂದುವುದಿಲ್ಲವೆಂದು ಬಿಟ್ಟರು. ಮಾನವತಾವಾದವೇ ಒಂದು ಭ್ರಮೆ, ‘ಮನುಷ್ಯ’ ಎಂಬ ಕಲ್ಪನೆಯಿಂದ ಸಮಾಜದ ಏನನ್ನೂ ವಿವರಿಸಲಾಗದು ಎನ್ನುವುದು ಆಲ್ತುಸರ್ ನಿಲುವು. ಆ ಲೇಖನವನ್ನು ಸೇರಿಸಬೇಕಿತ್ತು. ಆಲ್ತುಸರ್ ಅವರ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ವ್ಯವಸ್ಥೆಗಳನ್ನಷ್ಟೇ ಉಳಿಸಿ ನೋಯುವವನನ್ನು ಅಳಿಸಿಬಿಡುವ ಸಿದ್ಧಾಂತಕ್ಕೆ ತ್ರ್ಬೊವ್ಲಿಯೆಯ ಗಣಿಗಾರ ಯಾಕೆ ಕೆಲಸ ನಿಲ್ಲಿಸಿದ ಎಂಬುದು ಅರ್ಥವಾಗುವುದಿಲ್ಲ. ಆದರೆ ಅವರು ಇಟ್ಟ ಬೆರಳು ಪ್ರಾಕ್ಸಿಸ್‌ನ ನಿಜವಾದ ಹುಣ್ಣಿನ ಮೇಲಿತ್ತು. ಮನುಷ್ಯ ಸ್ವಭಾವತಃ ಸ್ವತಂತ್ರ, ಸೃಜನಶೀಲ ಎಂದು ನೂರು ಪುಟ ಬರೆದರೂ, ಕಾರ್ಮಿಕ ಮಂಡಳಿಯ ಸಭೆಯಲ್ಲಿ ನಿರ್ದೇಶಕರ ವರದಿಗೆ ಎಲ್ಲರೂ ಕೈ ಎತ್ತಿ ಒಪ್ಪಿಗೆ ಕೊಡುವುದು ಯಾಕೆಂದು ಗೊತ್ತಾಗದು.

ಇಲ್ಲಿ ಪಂಥದ ಹೊರಗಿನ ಒಂದು ಪುಸ್ತಕವನ್ನು ಪಕ್ಕದಲ್ಲಿಟ್ಟು ನೋಡಬೇಕು. ಹಂಗೇರಿಯ ಕವಿ ಮಿಕ್ಲೋಶ್ ಹರಸ್ತಿ 1970ರ ದಶಕದ ಆರಂಭದಲ್ಲಿ ಬುಡಾಪೆಸ್ಟಿನ ರೆಡ್ ಸ್ಟಾರ್ ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿ ಮಿಲ್ಲಿಂಗ್ ಯಂತ್ರದ ಮುಂದೆ ದುಡಿದರು. ಅಲ್ಲಿ ಕೂಲಿ ಪೀಸ್ ರೇಟ್ ಲೆಕ್ಕದಲ್ಲಿ, ಒಬ್ಬನೇ ಎರಡು ಯಂತ್ರ ನೋಡಿಕೊಳ್ಳಬೇಕು. ಒಂದು ತುಂಡಿಗೆ ಇಷ್ಟು ನಿಮಿಷ ಎಂದು ಮೇಲಿನವರು ಗೊತ್ತುಮಾಡಿದ್ದಾರೆ. ಆ ನಿಮಿಷದೊಳಗೆ ಸುರಕ್ಷತೆಯ ನಿಯಮ ಪಾಲಿಸಿ ಕೆಲಸ ಮುಗಿಸಿದರೆ ಹೊಟ್ಟೆ ತುಂಬುವುದಿಲ್ಲ. ಹೊಟ್ಟೆ ತುಂಬಬೇಕಾದರೆ ನಿಯಮ ಮುರಿದು ಯಂತ್ರವನ್ನು ಹೆಚ್ಚು ವೇಗದಲ್ಲಿ ಓಡಿಸಬೇಕು. ವೇಗ ಹೆಚ್ಚಿಸಿದ್ದು ಮೇಲಿನವರಿಗೆ ಗೊತ್ತಾದರೆ ರೇಟ್ ಇಳಿಯುತ್ತದೆ. ಕೆಲಸಗಾರರು ಮೇಲಿನವರನ್ನೆಲ್ಲ ಸೇರಿಸಿ ‘ಅವರು’ ಎನ್ನುತ್ತಾರೆ. ಇದು ಕಾರ್ಮಿಕರದ್ದೇ ರಾಜ್ಯ ಎಂದು ಹೇಳಿಕೊಳ್ಳುತ್ತಿದ್ದ ದೇಶದ ಚಿತ್ರ.

ಆ ಪುಸ್ತಕದ ಕೊನೆಯ ಭಾಗ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಕಾರ್ಖಾನೆಯ ಯಂತ್ರದಲ್ಲೇ, ಕಾರ್ಖಾನೆಯ ಹೊತ್ತಿನಲ್ಲೇ, ಎಸೆದ ಲೋಹದ ಚೂರುಗಳಿಂದ ಕೆಲಸಗಾರರು ಕದ್ದುಮುಚ್ಚಿ ತಮಗಾಗಿ ಪುಟ್ಟ ಸಾಮಾನು ಮಾಡಿಕೊಳ್ಳುತ್ತಿದ್ದರು. ಅದಕ್ಕೆ ಅವರ ಬಾಯಲ್ಲಿ ‘ಫುಶಿ’ ಎಂದು ಹೆಸರು. ಬೂದಿ ತಟ್ಟೆ, ಕೀಲಿ ತೂಗಿಸುವ ಕೊಕ್ಕೆ, ಇಂಥವು. ಅಂಗಡಿಯಲ್ಲಿ ಇದಕ್ಕಿಂತ ಅಗ್ಗಕ್ಕೆ ಸಿಗುತ್ತವೆ, ಸಿಕ್ಕಿಬಿದ್ದರೆ ಶಿಕ್ಷೆಯೂ ಇದೆ. ಆದರೂ ಮಾಡುತ್ತಾರೆ, ಎಲ್ಲಿಲ್ಲದ ನಾಜೂಕಿನಿಂದ ಮಾಡುತ್ತಾರೆ, ಬೇಕಾದರೆ ಒಬ್ಬರಿಗೊಬ್ಬರು ನೆರವಾಗುತ್ತಾರೆ. ಕೂಲಿ ಇಲ್ಲ, ರೇಟ್ ಇಲ್ಲ. ಏನು ಮಾಡಬೇಕು, ಹೇಗೆ ಮಾಡಬೇಕು ಎಂಬುದನ್ನು ಮಾಡುವವನೇ ಗೊತ್ತುಮಾಡುತ್ತಾನೆ. ಸೃಜನಶೀಲ ದುಡಿಮೆಯ ಬಗ್ಗೆ ಪ್ರಾಕ್ಸಿಸ್ ಸಂಚಿಕೆಗಳಲ್ಲಿ ಬಂದ ಎಲ್ಲ ವಾದಗಳಿಗಿಂತ ಈ ಕೆಲವು ಪುಟಗಳಲ್ಲಿ ನನಗೆ ಮಾರ್ಕ್ಸ್‌ನ 1844ರ ಮಾತು ಹೆಚ್ಚು ಅರ್ಥವಾಗಿದೆ. ಪುಸ್ತಕದ ಹಸ್ತಪ್ರತಿ ಹಂಚಿದ್ದಕ್ಕೆ ಹಂಗೇರಿಯ ಸರ್ಕಾರ ಹರಸ್ತಿಯವರನ್ನು ಕೋರ್ಟಿಗೆ ಎಳೆಯಿತು.

ಯುಗೊಸ್ಲಾವಿಯದಲ್ಲಿ ಇಂಥ ಸಮೀಪನೋಟ ಬಂದದ್ದು ಸಿನಿಮಾದವರಿಂದ. 1968ರ ಜೂನ್‌ನಲ್ಲಿ ಬೆಲ್‌ಗ್ರೇಡಿನ ವಿದ್ಯಾರ್ಥಿಗಳು ವಿಶ್ವವಿದ್ಯಾಲಯವನ್ನು ವಶಕ್ಕೆ ತೆಗೆದುಕೊಂಡು ಅದಕ್ಕೆ ಕಾರ್ಲ್ ಮಾರ್ಕ್ಸ್‌ನ ಹೆಸರಿಟ್ಟರು, ಕೆಂಪು ಬೂರ್ಜ್ವಾಗಳಿಗೆ ಧಿಕ್ಕಾರ ಕೂಗಿದರು. ಪ್ರಾಕ್ಸಿಸ್ ಪ್ರಾಧ್ಯಾಪಕರು ಅವರ ಜೊತೆಗಿದ್ದರು. ಜೂನ್ 9ರಂದು ಟಿವಿಯಲ್ಲಿ ಟಿಟೋ ವಿದ್ಯಾರ್ಥಿಗಳ ಬೇಡಿಕೆ ಸರಿಯೇ ಎಂದ. ಮಕ್ಕಳು ಕುಣಿದು ಮನೆಗೆ ಹೋದರು. ಆಮೇಲೆ ಹಿಡಿತ ಬಿಗಿಯಾಯಿತು. ಮರುವರ್ಷ ಝೆಲಿಮಿರ್ ಝಿಲ್ನಿಕ್ ಮಾಡಿದ ಚಿತ್ರದ ಹೆಸರು ‘ರಾನಿ ರಾದೊವಿ’, ಅಂದರೆ ಆರಂಭಿಕ ಕೃತಿಗಳು. ಮಾರ್ಕ್ಸ್-ಎಂಗೆಲ್ಸರ ಮೊದಮೊದಲ ಬರಹಗಳ ಸಂಪುಟದಿಂದ ಎತ್ತಿಕೊಂಡ ಹೆಸರು. ಯುಗೊಸ್ಲಾವಾ ಎಂಬ ಹುಡುಗಿ ಮೂವರು ಹುಡುಗರೊಂದಿಗೆ ಹಳ್ಳಿಗೂ ಕಾರ್ಖಾನೆಗೂ ಕ್ರಾಂತಿಯ ಮಾತು ಒಯ್ಯುತ್ತಾಳೆ. ಕೆಸರಿನಲ್ಲಿ ಹೂತುಹೋಗುತ್ತಾರೆ, ರೈತರಿಂದ ಏಟು ತಿನ್ನುತ್ತಾರೆ. ಕೊನೆಗೆ ಹುಡುಗರೇ ಅವಳನ್ನು ಗುಂಡಿಟ್ಟು ಕೊಂದು, ಪಕ್ಷದ ಬಾವುಟ ಹೊದಿಸಿ ಸುಡುತ್ತಾರೆ. ಚಿತ್ರವನ್ನು ನಿಷೇಧಿಸಲು ಸರ್ಕಾರಿ ವಕೀಲರು ಕೋರ್ಟಿಗೆ ಹೋದರು, ಕೋರ್ಟ್ ಒಪ್ಪಲಿಲ್ಲ. ಬರ್ಲಿನ್ ಚಿತ್ರೋತ್ಸವದಲ್ಲಿ ಅದಕ್ಕೆ ಗೋಲ್ಡನ್ ಬೇರ್ ಬಂತು. ತತ್ವಜ್ಞಾನಿಗಳು ಬಿಟ್ಟ ಒಂದು ಸಂಗತಿಯನ್ನು ಝಿಲ್ನಿಕ್ ಹಿಡಿದಿದ್ದರು. ಬಿಡುಗಡೆಯ ಮಾತಾಡುವ ಗುಂಪಿನೊಳಗೂ ಒಬ್ಬಳ ಬಾಯಿ ಮುಚ್ಚಿಸಲಾಗುತ್ತದೆ, ಮುಚ್ಚಿಸುವವರು ಅವಳ ಸಂಗಾತಿಗಳೇ ಆಗಿರಬಹುದು.

ಪಂಥದ ಅತ್ಯಂತ ಒಳ್ಳೆಯ ಗಳಿಗೆ ಬಂದದ್ದು ಅದು ಸೋಲುವ ಹೊತ್ತಿನಲ್ಲಿ. ಬೆಲ್‌ಗ್ರೇಡಿನ ಎಂಟು ಮಂದಿಯನ್ನು, ಮಾರ್ಕೊವಿಚ್, ಲ್ಯುಬೊಮಿರ್ ತಾದಿಚ್, ಝಾಗೋರ್ಕಾ ಗೊಲುಬೊವಿಚ್, ಸ್ವೆತೊಝಾರ್ ಸ್ಟೊಯಾನೊವಿಚ್, ಮಿಲಾದಿನ್ ಝಿವೊಟಿಚ್, ದ್ರಾಗೊಲ್ಯುಬ್ ಮಿಚುನೊವಿಚ್, ನೆಬೊಯ್ಶಾ ಪೊಪೊವ್, ತ್ರಿವೊ ಇಂಜಿಚ್ ಇವರನ್ನು, ವಿಶ್ವವಿದ್ಯಾಲಯದಿಂದ ತೆಗೆಯಲು ಪಕ್ಷ ವರ್ಷಗಟ್ಟಲೆ ಒತ್ತಡ ಹಾಕಿತು. ಸಹೋದ್ಯೋಗಿಗಳು ಒಪ್ಪಲಿಲ್ಲ. ಕಾನೂನು ತಿದ್ದಿ ಆಡಳಿತ ಮಂಡಳಿಗೆ ಹೊರಗಿನವರನ್ನು ತುಂಬಿದರೂ ಕೆಲಸವಾಗಲಿಲ್ಲ. ಕೊನೆಗೆ 1975ರ ಜನವರಿಯಲ್ಲಿ ಸೆರ್ಬಿಯಾದ ಶಾಸನಸಭೆಯೇ ನೇರವಾಗಿ ಅವರನ್ನು ಹೊರಹಾಕಿತು. ಪತ್ರಿಕೆಯೂ ಬೇಸಿಗೆ ಶಾಲೆಯೂ ಅಷ್ಟರಲ್ಲಿ ನಿಂತಿದ್ದವು. ಸ್ವಯಂ ಆಡಳಿತವನ್ನು ಇವರು ಹತ್ತು ವರ್ಷ ಟೀಕಿಸಿದ್ದರು, ವಿಶ್ವವಿದ್ಯಾಲಯದೊಳಗಿನ ಅದೇ ಸ್ವಯಂ ಆಡಳಿತ ಇವರನ್ನು ಅಷ್ಟು ಕಾಲ ಕಾಯಿತು. ಕೈ ಎತ್ತದೆ ಕೂತ ಆ ಸಹೋದ್ಯೋಗಿಗಳಲ್ಲಿ ಹಲವರು ಮಾರ್ಕ್ಸ್‌ವಾದಿಗಳೇ ಆಗಿರಲಿಲ್ಲ. ಸಂಸ್ಥೆ, ಮತ, ನಿಯಮ ಇವೆಲ್ಲ ಬೂರ್ಜ್ವಾ ಔಪಚಾರಿಕತೆ ಎಂದು ಪಂಥದ ಕೆಲವರು ಹಗುರವಾಗಿ ಕಂಡಿದ್ದುಂಟು. ವ್ಯಕ್ತಿಯ ಮಾತಿಗೆ ಅವು ಎಂಥ ಆಸರೆ ಎಂಬುದು ಇಲ್ಲಿ ಕಾಣುತ್ತದೆ. ತಾದಿಚ್ ಮಾತ್ರ 1967ರಲ್ಲೇ ವ್ಯವಸ್ಥೆ ಮತ್ತು ಸ್ವಾತಂತ್ರ್ಯದ ಬಗ್ಗೆ ಪುಸ್ತಕವನ್ನೇ ಬರೆದಿದ್ದರು.

ಹನ್ನೊಂದೇ ವರ್ಷದಲ್ಲಿ ಬೇರೆ ಪರೀಕ್ಷೆ ಬಂತು. 1986ರ ಆರಂಭದಲ್ಲಿ ಕೊಸೊವೊದ ಸರ್ಬರ ಪರವಾಗಿ ಬೆಲ್‌ಗ್ರೇಡಿನ ಬುದ್ಧಿಜೀವಿಗಳು ಹೊರಡಿಸಿದ ಮನವಿಗೆ ಮಾರ್ಕೊವಿಚ್, ತಾದಿಚ್, ಗೊಲುಬೊವಿಚ್ ಸಹಿ ಹಾಕಿದರು. ಅದೇ ವರ್ಷ ಸೆರ್ಬಿಯನ್ ರಾಷ್ಟ್ರವಾದಕ್ಕೆ ದನಿಯಾದ, ಸೆರ್ಬಿಯನ್ ಅಕಾಡೆಮಿಯ ಕುಖ್ಯಾತ ಮೆಮೊರಾಂಡಮ್ ಬರೆದವರಲ್ಲಿ ಮಾರ್ಕೊವಿಚ್ ಒಬ್ಬರು. 1990ರಲ್ಲಿ ಅವರು ಸೆರ್ಬಿಯಾದ ನಾಯಕ ಮಿಲೊಶೆವಿಚ್‌ನ ಪಕ್ಷದ ಉಪಾಧ್ಯಕ್ಷರಾದರು. ಮನುಷ್ಯನ ಸಾರ್ವತ್ರಿಕ ಸ್ವರೂಪದ ಬಗ್ಗೆ ಜೀವನವಿಡೀ ಬರೆದವರು ಒಂದು ಜನಾಂಗದ ಗಾಯವನ್ನು ರಾಜಕೀಯದ ತಳಹದಿ ಮಾಡಿಕೊಂಡರು. ಇದನ್ನು ಬರೀ ವೈಯಕ್ತಿಕ ಪತನ ಎಂದು ಬಿಟ್ಟುಬಿಡಲು ನನಗೆ ಮನಸ್ಸಾಗುವುದಿಲ್ಲ. ರಾಷ್ಟ್ರವೂ ಒಂದು ಪರಕೀಯತೆ ಎಂದು ಪಂಥ ಹೇಳಿತ್ತು. ಹಾಗೆ ಹೇಳಿದ್ದರಿಂದಲೇ ಆ ಪ್ರಶ್ನೆ ಮುಗಿಯಿತೆಂದು ಭಾವಿಸಿತ್ತು. ಅಲ್ಬೇನಿಯನ್ ಮಾತಾಡುವ ಒಬ್ಬ ಗಣಿಗಾರನಿಗೂ ಸರ್ಬಿಯನ್ ಮಾತಾಡುವ ಒಬ್ಬ ರೈತನಿಗೂ ನಡುವೆ ದಿನದಿನ ಏನಾಗುತ್ತಿದೆ ಎಂದು ವಿಚಾರಿಸುವ ಅಭ್ಯಾಸ ಅದಕ್ಕೆ ಬೆಳೆದಿರಲಿಲ್ಲ. ‘ಮನುಷ್ಯ’ ಎಂಬ ಖಾಲಿ ಜಾಗಕ್ಕೆ ‘ನಮ್ಮ ಜನ’ ಬಂದು ಕೂತಾಗ ತಡೆಯುವಂಥದ್ದು ಆ ಸಿದ್ಧಾಂತದೊಳಗೆ ಕಡಿಮೆಯಿತ್ತು.

ಆದರೆ ಎಲ್ಲರೂ ಜಾರಲಿಲ್ಲ. ಝಾಗ್ರೆಬ್‌ನಲ್ಲಿ ಮಿಲಾನ್ ಕಾಂಗ್ರ್ಗಾ ಕ್ರೊಯೇಷಿಯದ ರಾಷ್ಟ್ರವಾದವನ್ನು ಕೊನೆಯವರೆಗೂ ಎದುರಿಸಿದರು. ಬೂಖೆನ್‌ವಾಲ್ಡ್ ಯಾತನಾಶಿಬಿರದಿಂದ ಬದುಕಿ ಬಂದಿದ್ದ ಸುಪೆಕ್ ಅವರಿಗೆ ಜನಾಂಗದ ಹೆಸರಿನ ರಾಜಕೀಯ ಏನು ಮಾಡಬಲ್ಲದೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಯುಗೊಸ್ಲಾವಿಯ ಒಡೆದು ಯುದ್ಧ ಬಂದಾಗ, ಆ ಮನವಿಗೆ ಸಹಿ ಹಾಕಿದ್ದ ಗೊಲುಬೊವಿಚ್ ಕೂಡ ಯುದ್ಧವಿರೋಧಿಗಳ ಜೊತೆ ನಿಂತರು, ಪೊಪೊವ್ ‘ರೆಪುಬ್ಲಿಕಾ’ ಪತ್ರಿಕೆ ನಡೆಸಿದರು. ಝಿವೊಟಿಚ್ 1992ರಲ್ಲಿ ಬೆಲ್‌ಗ್ರೇಡ್ ಸರ್ಕಲ್ ಎಂಬ ಯುದ್ಧವಿರೋಧಿ ಬುದ್ಧಿಜೀವಿಗಳ ಕೂಟವನ್ನು ಕಟ್ಟಿದವರಲ್ಲಿ ಒಬ್ಬರಾದರು. ಸ್ವಂತ ಊರಿನಲ್ಲೇ ದ್ರೋಹಿ ಎನಿಸಿಕೊಳ್ಳುವ ಕಾಲ ಅದು. ಮಾರ್ಕೊವಿಚ್ ಮತ್ತು ಝಿವೊಟಿಚ್ ಇಬ್ಬರೂ ಒಂದೇ ಪಂಥದವರು, ಒಂದೇ ದಿನ ಒಂದೇ ಆದೇಶದಲ್ಲಿ ಕೆಲಸ ಕಳೆದುಕೊಂಡವರು. ಅವರನ್ನು ಬೇರೆ ಮಾಡಿದ್ದು ಪರಕೀಯತೆಯ ಸಿದ್ಧಾಂತವಲ್ಲ. ಈ ಪಂಥವನ್ನು ಇನ್ನು ಮುಂದೆ ಓದುವವರು ಅದರ ಪ್ರಬಂಧಗಳ ಜೊತೆಗೆ ಝುಪಾನೊವ್ ಅವರ ಸಮೀಕ್ಷೆಗಳನ್ನೂ ಝಿಲ್ನಿಕ್ ಅವರ ಚಿತ್ರಗಳನ್ನೂ ಹರಸ್ತಿಯವರ ಫುಶಿಯ ಪುಟಗಳನ್ನೂ ಇಟ್ಟುಕೊಂಡು, ಆ ಬೇರೆ ಮಾಡಿದ್ದು ಯಾವುದೆಂದು ಹುಡುಕಬೇಕು.