ಸುರಪುರದ ಅಂಕಿ, ಹುಣಸಗಿಯ ಪಾಡು

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕರ್ನಾಟಕ ಸರ್ಕಾರಕ್ಕೆ ಒಪ್ಪಿಸಿದ ಪ್ರಾದೇಶಿಕ ಅಸಮತೋಲನದ ವರದಿಯನ್ನು ಹೊಗಳದವರಿಲ್ಲ, ಓದಿದವರು ಕಡಿಮೆ. 35 ಸೂಚಕಗಳಿಂದ ಅಂದಿನ 175 ತಾಲ್ಲೂಕುಗಳನ್ನು ಅಳೆದು, 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಸಮಿತಿ ಹೆಸರು ಹಿಡಿದು ಹೇಳಿತು. ಜಿಲ್ಲೆಯ ಸರಾಸರಿಯ ಮರೆಯಲ್ಲಿದ್ದ ತಾಲ್ಲೂಕನ್ನು ಬೆಳಕಿಗೆ ತಂದದ್ದೇ ಅದರ ಹಿರಿಮೆ.

ನಮ್ಮ ಆಕ್ಷೇಪಣೆ ವರದಿಯ ಮೇಲಲ್ಲ, ಅದರ ಬಳಕೆಯ ಮೇಲೆ. 2007-08ರಿಂದ ವಿಶೇಷ ಅಭಿವೃದ್ಧಿ ಯೋಜನೆಯ ಹಣ ಹಂಚಿದ್ದು ಇದೇ ಪಟ್ಟಿ ಹಿಡಿದು. ಆದರೆ ಅದೇ ಅಳತೆಗೋಲಿನಿಂದ ವರ್ಷವರ್ಷವೂ ತಾಲ್ಲೂಕನ್ನು ಅಳೆಯುವ ಪರಿಪಾಠ ಬೆಳೆಯಲಿಲ್ಲ. ಈ ನಡುವೆ ತಾಲ್ಲೂಕುಗಳೇ ಒಡೆದವು. ಸುರಪುರದಿಂದ ಹುಣಸಗಿ, ಶಹಾಪುರದಿಂದ ವಡಗೇರಾ ಬೇರೆಯಾದವು. ಸುರಪುರದ ಹಳೆಯ ಅಂಕಿ ಹುಣಸಗಿಗೆ ಹೊಂದುವುದೆಂತು?

ಜಿಲ್ಲಾ ವರಮಾನದ ಕಥೆ ಇನ್ನೂ ವಿಚಿತ್ರ. ಬೆಳೆಯ ಲೆಕ್ಕಕ್ಕೆ ಹೊಲದಲ್ಲಿ ಕಟಾವು ಪ್ರಯೋಗ ಉಂಟು. ರೈಲು, ಬ್ಯಾಂಕು ಮೊದಲಾದವುಗಳಿಗೆ ರಾಜ್ಯದ ಮೊತ್ತವನ್ನೇ ಪಾಲು ಮಾಡಿ ಬರೆಯುತ್ತಾರೆ. ಅನಿವಾರ್ಯವಿರಬಹುದು. ಆದರೆ ಹೀಗೆ ಹಂಚಿದ ಅಂಕಿಯನ್ನು ಅಳೆದ ಅಂಕಿಯಂತೆ ಉದ್ಧರಿಸುವುದು ಸಲ್ಲದು. ಆರ್.ಕೆ.ಪುರಂನ ಕಚೇರಿಗಳಲ್ಲಿ ಕೋಷ್ಟಕ ಕೂಡಿಸುವ ನಮ್ಮಂಥವರಿಗೆ ಇದು ಚೆನ್ನಾಗಿ ಗೊತ್ತು: ಒಮ್ಮೆ ಟೈಪಾದ ಅಂಕಿಯ ಕುಲಗೋತ್ರವನ್ನು ಆಮೇಲೆ ಯಾರೂ ಕೇಳುವುದಿಲ್ಲ.

2025ರ ಜನವರಿಯಿಂದ ರಾಷ್ಟ್ರೀಯ ಮಾದರಿ ಸಮೀಕ್ಷೆ ಜಿಲ್ಲೆಯನ್ನು ಮೂಲ ಘಟಕವಾಗಿ ಹಿಡಿದಿರುವುದು ಸ್ವಾಗತಾರ್ಹ. ತಾಲ್ಲೂಕಿಗೆ ಅದೂ ಸಾಲದು. 2024ರಲ್ಲಿ ನೇಮಕವಾದ ಪ್ರೊ. ಗೋವಿಂದ ರಾವ್ ಸಮಿತಿಗೆ ಸಿಕ್ಕ ಪೂರ್ಣ ಜನಗಣತಿಯೂ 2011ರದೇ. ಸರ್ಕಾರ ಇನ್ನೊಂದು ಪಟ್ಟಿ ಹೊರಡಿಸುವ ಮೊದಲು, ವರ್ಷಕ್ಕೊಮ್ಮೆ ತಾಲ್ಲೂಕುವಾರು ಅಂಕಿಗಳನ್ನು ಪ್ರಕಟಿಸಲಿ. ಅಳೆದದ್ದು ಯಾವುದು, ಹಂಚಿದ್ದು ಯಾವುದು ಎಂಬುದನ್ನು ಪಕ್ಕದ ಕಾಲಮ್ಮಿನಲ್ಲಿ ಬರೆಯಲಿ.