ಯದುವಿಲ್ಲದ ಯಯಾತಿ

ಗಿರೀಶ ಕಾರ್ನಾಡರ ‘ಯಯಾತಿ’ಯನ್ನು ಪೌರಾಣಿಕ ನಾಟಕವೆಂದೋ ಅಸ್ತಿತ್ವವಾದದ ಪ್ರಯೋಗವೆಂದೋ ಪಾಠ ಮಾಡುವುದು ರೂಢಿ. ನನಗೆ ಮಾತ್ರ ಅದು ಮಕ್ಕಳ ಬದುಕಿನ ಮೇಲೆ ಹೆತ್ತವರು ಇಟ್ಟುಕೊಳ್ಳುವ ಹಕ್ಕಿನ ಬಗ್ಗೆ ಕನ್ನಡದಲ್ಲಿ ಬಂದ ಬಲು ನಿಷ್ಠುರ ಕೃತಿ. ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿಗೆ ಹೊರಟಿದ್ದ, ಇಪ್ಪತ್ತೆರಡರ ಆಸುಪಾಸಿನ ಹುಡುಗ ಬರೆದದ್ದು ಇದು. ಮಗ ಅಲ್ಲೇ ನೆಲೆಸಿಬಿಟ್ಟರೆ ಎಂಬ ಆತಂಕ ಆಗ ಮನೆಯನ್ನು ಆವರಿಸಿತ್ತು. ತನ್ನ ಭವಿಷ್ಯವನ್ನು ಬಲಿಕೊಡು ಎಂದು ಕೇಳುತ್ತಿದ್ದವರ ಮೇಲಿನ ಸಿಟ್ಟೇ ಈ ಕಥೆಯಲ್ಲಿ ಹೊರಬಂದಿತ್ತೆಂದು ಕಾರ್ನಾಡರು ಮುಂದೆ ಹೇಳಿಕೊಂಡಿದ್ದಾರೆ. 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಅದನ್ನು ಪ್ರಕಟಿಸಿತು.

ಮಹಾಭಾರತದ ಪುರು ಆದರ್ಶ ಮಗ. ಶುಕ್ರಾಚಾರ್ಯರ ಶಾಪದಿಂದ ಮುಪ್ಪಾದ ಅಪ್ಪ ಯಯಾತಿಗೆ ತನ್ನ ಯೌವನ ಕೊಟ್ಟು, ಪ್ರತಿಫಲವಾಗಿ ರಾಜ್ಯ ಪಡೆಯುತ್ತಾನೆ. ಕಾರ್ನಾಡರ ಪುರು ಬೇರೆ. ದೊಡ್ಡ ವಂಶದ ಹೆಸರು ಹೊತ್ತು ಬಳಲಿದ, ತಾನು ಯಾವುದಕ್ಕೂ ಸಾಲದವನೆಂಬ ಕೊರಗಿನ ಹುಡುಗ. ಅವನ ಒಪ್ಪಿಗೆಯಲ್ಲಿ ಭಕ್ತಿಗಿಂತ ತನ್ನಿಂದ ತಾನೇ ತಪ್ಪಿಸಿಕೊಳ್ಳುವ ಆಸೆ ಹೆಚ್ಚು. ನಾಟಕದ ನಿಜವಾದ ಕಾಣ್ಕೆ ಇರುವುದು ಇಲ್ಲೇ. ಹಿಡಿತ ಪೂರ್ತಿಯಾದ ಮನೆಯಲ್ಲಿ ಯಾರೂ ಯಾರನ್ನೂ ಗದರಿಸಬೇಕಾಗಿಲ್ಲ. ಮಗನೇ ಮುಂದೆ ಬಂದು ತಲೆ ಒಡ್ಡುತ್ತಾನೆ.

ಇದನ್ನು ನಾವು ಈಗಲೂ ಕಾಣುತ್ತೇವೆ. ಸಿಇಟಿ ಆಪ್ಷನ್ ಎಂಟ್ರಿಯ ದಿನ ಯಾವುದಾದರೂ ಸೈಬರ್ ಸೆಂಟರಿಗೆ ಹೋಗಿ ನೋಡಿ. ಕಂಪ್ಯೂಟರಿನವನ ಪಕ್ಕದ ಕುರ್ಚಿಯಲ್ಲಿ ಅಪ್ಪ, ಕೈಯಲ್ಲಿ ಕಾಲೇಜುಗಳ ಪಟ್ಟಿ. ಸೀಟು ಬೇಕಾದ ಹುಡುಗಿ ಹಿಂದೆ ನಿಂತಿರುತ್ತಾಳೆ. ‘ಏನಮ್ಮಾ, ಕಂಪ್ಯೂಟರ್ ಸೈನ್ಸೇ ಮೊದಲು ಹಾಕೋದಲ್ವಾ?’ ಎಂದು ಅಪ್ಪ ತಿರುಗದೆಯೇ ಕೇಳುತ್ತಾರೆ. ‘ಹ್ಞೂಂ ಅಪ್ಪಾ’ ಅನ್ನುತ್ತಾಳೆ. ಬಲವಂತ ಮಾಡಿದರೆಂದು ಅವಳು ನಾಳೆ ದೂರುವಂತೆಯೂ ಇಲ್ಲ, ಒಪ್ಪಿದವಳು ಅವಳೇ. ಆ ಅಪ್ಪ ಕೆಟ್ಟವರಲ್ಲ, ಮಗಳ ಫೀಸಿಗಾಗಿ ಸಾಲ ಮಾಡಿದವರು. ಸಮಸ್ಯೆ ಕಗ್ಗಂಟಾಗುವುದೇ ಅದರಿಂದ. ಪ್ರೀತಿಯೂ ಋಣವೂ ಒಂದೇ ಹಗ್ಗದಲ್ಲಿ ಹೊಸೆದುಕೊಂಡಿರುವಾಗ ಬಿಚ್ಚುವುದೆಲ್ಲಿಂದ?

ಮೂಲಕಥೆಯಲ್ಲಿಲ್ಲದ ಚಿತ್ರಲೇಖೆಯನ್ನು ಪುರುವಿನ ಹೆಂಡತಿಯಾಗಿ ತಂದದ್ದು ಕಾರ್ನಾಡರ ದೊಡ್ಡ ಸಾಧನೆ. ಅಪ್ಪ-ಮಗನ ಒಪ್ಪಂದದಲ್ಲಿ ಅವಳನ್ನು ಯಾರೂ ಕೇಳಿರಲಿಲ್ಲ. ಗಂಡನ ತ್ಯಾಗದ ಸುದ್ದಿ ಕೇಳಿ ಮೊದಲು ಅವಳಿಗೂ ಹೆಮ್ಮೆಯೇ. ದೀಪದ ಬೆಳಕಿನಲ್ಲಿ ಅವನ ಮುದಿ ಮುಖ ಕಂಡಾಗ ಆ ಹೆಮ್ಮೆ ಉಳಿಯುವುದಿಲ್ಲ. ಬುದ್ಧಿ ಹೇಳಲು ಬಂದ ಮಾವನಿಗೆ ಅವಳು ಕೊಡುವ ಉತ್ತರ ಇಂದಿಗೂ ಪ್ರೇಕ್ಷಕರನ್ನು ಕುರ್ಚಿಯಲ್ಲಿ ಅಲುಗಾಡಿಸಬಲ್ಲದು: ನನ್ನ ಗಂಡನ ಯೌವನ ನಿಮ್ಮಲ್ಲಿದೆ ತಾನೇ, ಹಾಗಾದರೆ ನನ್ನನ್ನೂ ಸ್ವೀಕರಿಸಿ. ಯಯಾತಿ ಧರ್ಮದ ಮಾತೆತ್ತುತ್ತಾನೆ. ಮಗನ ಹರೆಯ ಕಿತ್ತುಕೊಳ್ಳುವಾಗ ನೆನಪಾಗದ ಧರ್ಮ ಸೊಸೆ ಲೆಕ್ಕ ಕೇಳಿದಾಗ ನೆನಪಾಗುತ್ತದೆ. ಆಜ್ಞಾಧಾರಕ ಗಂಡುಮಕ್ಕಳ ವಿಧೇಯತೆಗೆ ಸೊಸೆಯಂದಿರು ತೆತ್ತ ಬೆಲೆಯನ್ನು ಇಷ್ಟು ನೇರವಾಗಿ ಕೇಳಿದ ಇನ್ನೊಂದು ದೃಶ್ಯ ನಮ್ಮ ರಂಗಭೂಮಿಯಲ್ಲಿ ನನಗೆ ನೆನಪಾಗುತ್ತಿಲ್ಲ.

ಅಷ್ಟು ಎತ್ತರಕ್ಕೇರಿದ ನಾಟಕ ಅಲ್ಲಿಂದ ಮುಂದೆ ಅವಸರ ಮಾಡುತ್ತದೆ. ಚಿತ್ರಲೇಖೆ ವಿಷ ಕುಡಿಯುತ್ತಾಳೆ, ಯಯಾತಿಯ ಕಣ್ಣು ತೆರೆಯುತ್ತದೆ, ಯೌವನ ಪುರುವಿಗೆ ಮರಳುತ್ತದೆ. ಒಬ್ಬ ಹೆಣ್ಣು ಸತ್ತ ಮೇಲೆಯೇ ಹಿರಿಯರಿಗೆ ಅರಿವಾಗಬೇಕೆಂಬ ಈ ಏರ್ಪಾಡನ್ನು ನಾನು ಒಪ್ಪಲಾರೆ. ನಮ್ಮ ಮನೆಗಳಲ್ಲಿ ಅಂಥ ಸಾವುಗಳ ನಂತರವೂ ಎಷ್ಟೋ ಹಿರಿಯರ ಕಣ್ಣು ತೆರೆದಿಲ್ಲ.

ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ಮಹಾಭಾರತದಲ್ಲಿ ಯಯಾತಿ ಮೊದಲು ಕೇಳುವುದು ಯದು, ತುರ್ವಸು, ದ್ರುಹ್ಯು, ಅನು ಎಂಬ ನಾಲ್ವರು ಮಕ್ಕಳನ್ನು. ನಾಲ್ವರೂ ಒಲ್ಲೆವೆನ್ನುತ್ತಾರೆ. ಅಪ್ಪನ ಶಾಪ ತಗಲುತ್ತದೆ, ರಾಜ್ಯ ಕೈತಪ್ಪುತ್ತದೆ, ಆದರೂ ಅವರು ಬದುಕುತ್ತಾರೆ. ಕೃಷ್ಣ ಹುಟ್ಟಿದ್ದು ಆ ಯದುವಿನ ವಂಶದಲ್ಲಿ. ಒಪ್ಪಿಕೊಂಡ ಪುರುವಿನ ಪೀಳಿಗೆಯಲ್ಲಿ ಮುಂದೆ ಭೀಷ್ಮ ಅಪ್ಪನ ಮದುವೆಗಾಗಿ ತನ್ನ ಮದುವೆಯನ್ನೇ ಬಿಟ್ಟ. ನಮ್ಮ ಕಥೆಗಳಲ್ಲಿ ಮಗ ಅಪ್ಪನನ್ನು ಕೊಲ್ಲುವುದಕ್ಕಿಂತ ಅಪ್ಪ ಮಗನನ್ನು ನುಂಗುವುದೇ ಹೆಚ್ಚು ಎಂಬರ್ಥದಲ್ಲಿ ಎ.ಕೆ. ರಾಮಾನುಜನ್ ತೋರಿಸಿಕೊಟ್ಟದ್ದು ಇದನ್ನೇ. ಆದರೆ ಒಲ್ಲೆನೆಂದ ಆ ನಾಲ್ವರು ಕಾರ್ನಾಡರ ರಂಗದ ಮೇಲೆ ಬರುವುದಿಲ್ಲ. ಪುರುವಿಗೆ ಇರುವುದು ತಲೆಬಾಗುವ ದಾರಿ, ಚಿತ್ರಲೇಖೆಗೆ ಸಾಯುವ ದಾರಿ. ಅಪ್ಪನ ಮುನಿಸನ್ನು ಹೊತ್ತುಕೊಂಡೇ ತನ್ನ ಪಾಡಿಗೆ ಬಾಳುವುದು ಹೇಗೆ, ವರ್ಷಗಳ ಮೇಲೆ ಮಾತು ಮತ್ತೆ ಶುರುವಾಗುವುದು ಹೇಗೆ ಎಂಬುದನ್ನು ಈ ನಾಟಕ ಯೋಚಿಸುವುದೇ ಇಲ್ಲ. ಕಾರ್ನಾಡರು ಸ್ವತಃ ಮನೆಯ ಆತಂಕದ ನಡುವೆಯೇ ಇಂಗ್ಲೆಂಡಿಗೆ ಹೋದರು, ಮರಳಿ ಬಂದರು, ತಮಗೆ ಬೇಕಾದ ಬದುಕನ್ನು ಕಟ್ಟಿಕೊಂಡರು. ಆ ಹಾದಿಯ ಸುಳಿವನ್ನಾದರೂ ಅವರು ಪುರುವಿಗೆ ಕೊಡಬಹುದಿತ್ತು.