ಮಳೆಗಾಲದ ಚಾರಣಕ್ಕೆ ವಾಟರ್‌ಪ್ರೂಫ್ ಬೂಟು: ಒಂದು ತಕರಾರು

ಮೇ ಕೊನೆಗೆ ಮೋಡ ಕಟ್ಟುವ ಹೊತ್ತಿಗೆ ಕುದುರೆಮುಖ, ಕೊಡಚಾದ್ರಿ, ತಡಿಯಂಡಮೋಳ್ ಕಡೆ ಹೊರಡುವವರ ಕೈಗೆ ಬರುವ ಸಾಮಾನಿನ ಪಟ್ಟಿಗಳಲ್ಲಿ ಒಂದು ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ: ವಾಟರ್‌ಪ್ರೂಫ್ ಬೂಟು ಕಡ್ಡಾಯ. ಯಾಕೆ ಎಂದು ಕೇಳುವವರು ಕಡಿಮೆ. ಬೂಟುಗಳನ್ನು ತೂಗಿ ನೋಡಿ ಬರೆಯುವವರೂ ಈ ಗುಣವನ್ನು ಮೊದಲೇ ಒಪ್ಪಿಕೊಂಡು, ಒಂದು ಕಂಪನಿಯದು ಇನ್ನೊಂದಕ್ಕಿಂತ ಎಷ್ಟು ಚೆನ್ನಾಗಿ ನೀರು ತಡೆಯಿತು ಎಂಬ ಲೆಕ್ಕದಲ್ಲೇ ಬರಹ ಮುಗಿಸುತ್ತಾರೆ. ನನ್ನ ತಕರಾರು ಈ ಒಪ್ಪಿಗೆಯ ಬಗ್ಗೆಯೇ. ಪಶ್ಚಿಮಘಟ್ಟದ ಜಡಿಮಳೆಯಲ್ಲಿ, ಹಳ್ಳ ದಾಟಿ, ಕೆಸರು ತುಳಿದು, ಸೊಂಟದೆತ್ತರದ ಒದ್ದೆ ಹುಲ್ಲಿನಲ್ಲಿ ಇಡೀ ದಿನ ನಡೆಯುವವರು ನೀರು ತಡೆಯುವ ಗುಣವನ್ನೇ ಮುಂದಿಟ್ಟುಕೊಂಡು ಬೂಟು ಆರಿಸುವುದು ತಪ್ಪು. ಅಂಥ ದಾರಿಗೆ ಬೇಕಾದದ್ದು ಒಳಗೆ ಬಂದ ನೀರನ್ನು ಬೇಗ ಬಿಟ್ಟುಕೊಡುವ ಮೈ ಮತ್ತು ಒದ್ದೆ ಕಲ್ಲಿನ ಮೇಲೆ ನಿಲ್ಲುವ ಅಟ್ಟೆ. ಮೊದಲನೆಯದರ ಪ್ರಸ್ತಾಪವೇ ಈ ಬರಹಗಳಲ್ಲಿ ಇರುವುದಿಲ್ಲ. ಎರಡನೆಯದಕ್ಕೆ ಕೊನೆಯಲ್ಲಿ ಎರಡು ಸಾಲು ಸಿಕ್ಕರೆ ಹೆಚ್ಚು.

ವಾಟರ್‌ಪ್ರೂಫ್ ಬೂಟಿನ ಖ್ಯಾತಿಯ ಮೂಲದಲ್ಲಿ ನಿಜಕ್ಕೂ ದೊಡ್ಡ ಆವಿಷ್ಕಾರವೊಂದಿದೆ. 1969ರಲ್ಲಿ ಬಾಬ್ ಗೋರ್ ಬಿಸಿ ಮಾಡಿದ ಪಿಟಿಎಫ್‌ಇ ಎಂಬ ಪ್ಲಾಸ್ಟಿಕ್ಕಿನ ಸರಳನ್ನು ಮೆಲ್ಲಗೆ ಎಳೆಯುವ ಬದಲು ಒಮ್ಮೆಲೇ ಜಗ್ಗಿದಾಗ ಅದು ಮುರಿಯದೆ, ಕಣ್ಣಿಗೆ ಕಾಣದ ರಂಧ್ರಗಳ ಹಗುರ ಪದಾರ್ಥವಾಗಿ ಹಿಗ್ಗಿತು. ನೀರಿನ ಹನಿ ನುಗ್ಗಲಾರದ, ಬೆವರಿನ ಆವಿ ಮಾತ್ರ ದಾಟಬಲ್ಲ ಆ ಪೊರೆ 1976ರ ಹೊತ್ತಿಗೆ ಗೋರ್‌ಟೆಕ್ಸ್ ಎಂಬ ಹೆಸರಿನಲ್ಲಿ ಮಳೆಯಂಗಿಯ ಬಟ್ಟೆಯಾಗಿ ಮಾರುಕಟ್ಟೆಗೆ ಬಂತು. ಅಂಗಿಯ ಮಟ್ಟಿಗೆ ಅದರ ಕೀರ್ತಿಗೆ ನನ್ನ ಆಕ್ಷೇಪವಿಲ್ಲ. ಅಂಗಿಯ ಮೇಲೆ ಬಿದ್ದ ನೀರು ಇಳಿದು ಹೋಗುತ್ತದೆ. ಕತ್ತಿನ ಬಳಿ, ಕಂಕುಳ ಬಳಿ ಗಾಳಿಗೆ ದಾರಿ ಇರುತ್ತದೆ. ಬೂಟಿನ ಕಥೆ ಬೇರೆ. ಅಲ್ಲಿ ಆ ಪೊರೆಯನ್ನು ಕಾಲುಚೀಲದ ಆಕಾರಕ್ಕೆ ಅಂಟಿಸಿ, ಹೊರಗಿನ ಚರ್ಮ ಅಥವಾ ಬಟ್ಟೆಗೂ ಒಳಗಿನ ಮೆತ್ತನೆಯ ಅಸ್ತರಿಗೂ ನಡುವೆ ಕೂರಿಸುತ್ತಾರೆ. ವಾಟರ್‌ಪ್ರೂಫ್ ಬೂಟು ಎಂದರೆ ಹೆಚ್ಚಿನ ಮಟ್ಟಿಗೆ ಈ ಒಳಚೀಲವೇ. ಹಾಗಾಗಿ ಅದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಅಂಗಡಿಯಲ್ಲಿ ಬೂಟಿನ ಲೇಸು ಪೂರ್ತಿ ಸಡಿಲಿಸಿ ನಾಲಿಗೆಯನ್ನು ಮುಂದಕ್ಕೆಳೆದರೆ, ಅದರ ಎರಡೂ ಬದಿಗೆ ತೆಳು ಬಟ್ಟೆಯ ಮಡಿಕೆಯೊಂದನ್ನು ಬೂಟಿನ ಮೈಗೆ ಸೇರಿಸಿ ಹೊಲಿದಿರುವುದು ಕಾಣುತ್ತದೆ. ಬೆರಳಿನಿಂದ ಆ ಮಡಿಕೆಯನ್ನು ಮೇಲಕ್ಕೆ ಸವರುತ್ತ ಹೋದರೆ ಒಂದು ಕಡೆ ಅದು ನಿಂತುಬಿಡುತ್ತದೆ. ಅನೇಕ ಬೂಟುಗಳಲ್ಲಿ ಕೊನೆಯ ಎರಡು ಜೊತೆ ಕೊಕ್ಕೆಗಳಿಗಿಂತ ಕೆಳಗೇ. ನೀರು ತಡೆಯುವ ನಿಜವಾದ ಎತ್ತರ ಅದು. ಹೊರಗಿನಿಂದ ಹರಡನ್ನು ಪೂರ್ತಿ ಮುಚ್ಚಿ ಮೇಲೆ ಬಂದಂತೆ ಕಾಣುವ ಬೂಟಿನಲ್ಲೂ ಆ ಗಡಿಯ ಮೇಲೆ ಇರುವುದು ಬರೀ ಬಟ್ಟೆ ಮತ್ತು ಸ್ಪಂಜು. ಮುಳ್ಳೋಡಿಯಿಂದ ಕುದುರೆಮುಖಕ್ಕೆ ಹತ್ತುವ ದಾರಿಯಲ್ಲಿ ಒಂದರ ಹಿಂದೊಂದು ಹಳ್ಳಗಳು ಸಿಗುತ್ತವೆ. ಜೋರು ಮಳೆ ಹಿಡಿದರೆ ಅವು ಈ ಗಡಿಯನ್ನು ಕೇಳುವುದಿಲ್ಲ. ಹಳ್ಳವೇ ಬೇಕೆಂದಿಲ್ಲ. ಮಳೆಯಲ್ಲಿ ತೊಯ್ದ ಪ್ಯಾಂಟಿನಿಂದ ಇಳಿದ ನೀರನ್ನು ಕಾಲುಚೀಲದ ನೂಲು ಹೀರಿ ಹನಿಹನಿಯಾಗಿ ಪಾದಕ್ಕೆ ತಲುಪಿಸುತ್ತದೆ. ಒಂದೆರಡು ಗಂಟೆಯೊಳಗೆ ಬೂಟಿನೊಳಗೆ ನೀರು ಸೇರುತ್ತದೆ, ಅದೂ ಪೊರೆ ಎಲ್ಲೂ ಹರಿಯದೆ, ಹೊಲಿಗೆ ಎಲ್ಲೂ ಬಿಡದೆ.

ಮುಖ್ಯ ಪ್ರಶ್ನೆ ಹುಟ್ಟುವುದು ಇಲ್ಲಿಂದ. ಹೊರಗಿನ ನೀರನ್ನು ಒಳಗೆ ಬಿಡದ ಪೊರೆ ಒಳಗಿನ ನೀರನ್ನೂ ಹೊರಗೆ ಬಿಡುವುದಿಲ್ಲ. ಆವಿಯಾಗಿ ಹೋಗಬಲ್ಲದ್ದು ಬೆವರಿನಷ್ಟು ತೇವ ಮಾತ್ರ. ಮೇಲಿನಿಂದ ಸುರಿದು ತುಂಬಿದ ನೀರಿಗೆ ಆ ದಾರಿ ಸಾಲುವುದಿಲ್ಲ. ಆಗ ಒಳಚೀಲ ತುಂಬಿದ ಕೊಡದಂತೆ ನೀರನ್ನು ಹಿಡಿದುಕೊಂಡೇ ಕೂರುತ್ತದೆ, ಅದರ ಭಾರವನ್ನು ಪ್ರತಿ ಹೆಜ್ಜೆಗೂ ಎತ್ತಬೇಕು. ಬಿಚ್ಚಿ ಬಗ್ಗಿಸಿ ಸುರಿದರೂ ಅಸ್ತರಿಯ ಸ್ಪಂಜು ಕುಡಿದ ನೀರು ಅಲ್ಲೇ ಉಳಿಯುತ್ತದೆ. ಬೂಟನ್ನು ನೀರಿನ ತೊಟ್ಟಿಯಲ್ಲಿ ಒಂದು ಗೆರೆಯವರೆಗೆ ಮುಳುಗಿಸಿ, ನಡೆದಂತೆ ಮಡಚಿ ಬಿಚ್ಚಿ, ಒಳಗೆ ತೇವ ಬಂತೇ ಎಂದು ನೋಡುವ ಯಂತ್ರಪರೀಕ್ಷೆಯಲ್ಲಿ ನೀರು ಯಾವಾಗಲೂ ಆ ಗೆರೆಯ ಕೆಳಗೇ ಇರುತ್ತದೆ. ಒಂದು ಲೋಟ ನೀರನ್ನು ಬೂಟಿನೊಳಕ್ಕೆ ಹೊಯ್ದು, ನೂರು ಹೆಜ್ಜೆಯ ನಂತರ ಎಷ್ಟು ಉಳಿದಿದೆ ಎಂದು ನೋಡುವ ಪರೀಕ್ಷೆ ಯಾವ ಬೂಟಿನ ಪೆಟ್ಟಿಗೆಯ ಮೇಲೂ ಕಾಣುವುದಿಲ್ಲ. ಮಲೆನಾಡಿನ ದಾರಿ ಮಾಡುವುದು ಈ ಎರಡನೆಯ ಪರೀಕ್ಷೆಯನ್ನು.

ಇಲ್ಲಿ ನನ್ನ ಪಕ್ಷದವರೆಂದು ತೋರುವ ಕೆಲವರೊಂದಿಗೂ ಜಗಳ ಅನಿವಾರ್ಯ. ನಮ್ಮ ಸೆಖೆಯಲ್ಲಿ, ನೂರಕ್ಕೆ ನೂರು ತೇವದ ಗಾಳಿಯಲ್ಲಿ, ಈ ಪೊರೆಯಿಂದ ಆವಿ ಹೊರಡುವುದೇ ಇಲ್ಲ ಎಂದು ಅವರು ವಾದಿಸುತ್ತಾರೆ. ಇದು ಭೌತಶಾಸ್ತ್ರಕ್ಕೆ ಹೊಂದದ ಮಾತು. ಆವಿ ಚಲಿಸುವುದು ಒಳಗಿನ ಮತ್ತು ಹೊರಗಿನ ಆವಿಯೊತ್ತಡದ ವ್ಯತ್ಯಾಸದಿಂದ. 33 ಡಿಗ್ರಿ ಸೆಲ್ಸಿಯಸ್‌ನ ತೇವಭರಿತ ಪಾದದ ಬಳಿ ಆ ಒತ್ತಡ ಸುಮಾರು 5 ಕಿಲೋಪಾಸ್ಕಲ್. ಹೊರಗೆ 22 ಡಿಗ್ರಿಯ ಮಳೆಗಾಳಿ ಪೂರ್ತಿ ತೇವದಿಂದ ತುಂಬಿದ್ದರೂ ಅದರ ಒತ್ತಡ 2.6ರ ಸುಮಾರಿಗೆ ನಿಲ್ಲುತ್ತದೆ. ಅಂದರೆ ಆವಿಯನ್ನು ಹೊರಗೆ ತಳ್ಳುವ ಬಲ ಇದ್ದೇ ಇರುತ್ತದೆ. ಆದರೆ 5 ಡಿಗ್ರಿಯ ಚಳಿಯ ಬೆಟ್ಟದಲ್ಲಿ ಹೊರಗಿನ ಒತ್ತಡ 0.9ಕ್ಕೆ ಇಳಿದಾಗ ಇರುವ ಬಲದ ಐದರಲ್ಲಿ ಮೂರು ಪಾಲು ಮಾತ್ರ ನಮ್ಮಲ್ಲಿ ಉಳಿಯುತ್ತದೆ. ಅದರ ಮೇಲೆ, ಬೂಟಿನ ಹೊರಮೈಗೆ ಬಳಿದ ನೀರು ಜಾರಿಸುವ ಲೇಪ ಕೆಸರಿಗೂ ಹುಲ್ಲಿನ ಉಜ್ಜುವಿಕೆಗೂ ಸವೆದಾಗ ಚರ್ಮ ಅಥವಾ ಬಟ್ಟೆ ನೀರು ಕುಡಿದು, ಪೊರೆಯ ಹೊರಗಡೆ ನೀರಿನದೇ ಒಂದು ಪದರ ನಿಲ್ಲುತ್ತದೆ. ಅಲ್ಲಿಗೆ ಉಳಿದ ಬಲವೂ ಹೆಚ್ಚಿನ ಕೆಲಸಕ್ಕೆ ಬರುವುದಿಲ್ಲ. ಪೊರೆ ಸುಳ್ಳಲ್ಲ, ಅದಕ್ಕೆ ಬೇಕಾದ ಹವಾಮಾನ ನಮ್ಮ ಜುಲೈಯಲ್ಲಿ ಇಲ್ಲ. ಹೀಗೆಂದರೆ ಸಾಕಿತ್ತು, ಪೂರ್ತಿ ನಿಷ್ಪ್ರಯೋಜಕ ಎಂದು ಉತ್ಪ್ರೇಕ್ಷಿಸಿದ್ದರಿಂದ ಕಂಪನಿಗಳ ಪರ ಬರೆಯುವವರಿಗೆ ಸುಲಭದ ಉತ್ತರವೊಂದು ಸಿಕ್ಕಿದೆ.

ಇನ್ನೊಂದು ಗುಂಪು ಅಮೆರಿಕದ ದೂರದಾರಿಗಳ ಅನುಭವವನ್ನು ಹಾಗೆಯೇ ಇಲ್ಲಿಗೆ ತಂದಿದೆ. ಜಾಲರಿ ಬಟ್ಟೆಯ ಹಗುರ ಓಟದ ಶೂ ಹಾಕಿಕೊಳ್ಳಿ, ಹಳ್ಳ ದಾಟಿದ ಮೇಲೆ ನಡೆಯುತ್ತ ನಡೆಯುತ್ತಲೇ ಒಣಗುತ್ತದೆ ಎಂಬುದು ಇವರ ಮಂತ್ರ. ಕ್ಯಾಲಿಫೋರ್ನಿಯಾದ ಒಣಗಾಳಿಯಲ್ಲಿ, ಪೆಸಿಫಿಕ್ ಕ್ರೆಸ್ಟ್ ದಾರಿಯ ಬಿಸಿಲಿನಲ್ಲಿ ಅದು ಸರಿಯಾದ ಮಾತು. ಆಗುಂಬೆಯ ಕಡೆ ಜುಲೈಯಲ್ಲಿ ಹಗ್ಗದ ಮೇಲೆ ಹಾಕಿದ ಬಟ್ಟೆ ದಿನಗಟ್ಟಲೆ ಒಣಗುವುದಿಲ್ಲ, ಒಲೆಯ ಮೇಲಿನ ಅಟ್ಟಕ್ಕೆ ಹೋಗಬೇಕು. ಇನ್ನು ಕಾಲಿನಲ್ಲಿರುವ ಶೂ ಎಲ್ಲಿ ಒಣಗೀತು? ಜಾಲರಿ ಶೂ ಇಲ್ಲಿಯೂ ಒಳ್ಳೆಯದೇ, ಆದರೆ ಬೇರೆ ಕಾರಣಕ್ಕೆ: ಅದರಲ್ಲಿ ನೀರು ನಿಲ್ಲುವುದಿಲ್ಲ. ಹಳ್ಳದಿಂದ ಮೇಲೆ ಬಂದು ಹತ್ತಿಪ್ಪತ್ತು ಹೆಜ್ಜೆ ಹಾಕುವಷ್ಟರಲ್ಲಿ ನೀರು ಹಿಂಡಿಕೊಂಡು ಹೋಗಿ ಬರೀ ತೇವ ಉಳಿಯುತ್ತದೆ. ನಿಂತ ನೀರಿನಲ್ಲಿ ನೆನೆದು ಬೆಳ್ಳಗೆ ಸುಕ್ಕುಗಟ್ಟಿದ ಅಂಗಾಲಿಗೂ ತೇವದ ಕಾಲಿಗೂ ಬಹಳ ವ್ಯತ್ಯಾಸವಿದೆ. ಒಣಗುತ್ತದೆ ಎಂದು ನಂಬಿ ಹೊರಟವರಿಗೆ ಎರಡನೆಯ ದಿನ ಬೆರಳಸಂದಿ ಕಿತ್ತು ಉರಿ ಎದ್ದಾಗ ಶೂ ಮೇಲೆ ಸಿಟ್ಟು ಬರುತ್ತದೆ. ತಪ್ಪು ಶೂನದ್ದಲ್ಲ. ರಾತ್ರಿ ಕಾಲನ್ನು ಒರೆಸಿ, ಒಣ ಕಾಲುಚೀಲದಲ್ಲಿ ಬೆಳಗಿನವರೆಗೆ ಇಡುವುದೊಂದೇ ಚರ್ಮವನ್ನು ಉಳಿಸುವ ದಾರಿ, ಮತ್ತು ಅದನ್ನು ಯಾವ ಬೂಟೂ ನಮ್ಮ ಪರವಾಗಿ ಮಾಡಿಕೊಡುವುದಿಲ್ಲ.

ನೀರಿನಲ್ಲೇ ನಡೆಯಬೇಕಾದವರು ಯಾವ ಪಾದರಕ್ಷೆಗೆ ಬಂದು ನಿಂತರು ಎಂದು ನೋಡಿದರೆ ನನ್ನ ವಾದಕ್ಕೆ ಬೇರೆ ಸಾಕ್ಷಿ ಬೇಡ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೈನಿಕರಿಗೆ ಕೊಟ್ಟ ಕಾಡುಬೂಟಿನ ಮೇಲ್ಭಾಗ ನೈಲಾನ್ ಕ್ಯಾನ್ವಾಸಿನದು; ಪಾದದ ಒಳಬದಿಯಲ್ಲಿ, ಅಟ್ಟೆಗೆ ಸ್ವಲ್ಪ ಮೇಲೆ, ಜಾಲರಿ ಹಾಕಿದ ಎರಡು ಸಣ್ಣ ಲೋಹದ ಕಣ್ಣುಗಳಿದ್ದವು. ಹೆಜ್ಜೆ ಒತ್ತಿದಾಗ ನೀರು ಆ ಕಣ್ಣುಗಳಿಂದ ಚಿಮ್ಮಿ ಹೋಗುತ್ತಿತ್ತು. ಮುಂದೆ ಅದಕ್ಕೆ ಬಂದ ಪನಾಮಾ ಅಟ್ಟೆಯ ಹಲ್ಲುಗಳನ್ನು ಕೆಸರು ಅಂಟಿಕೊಳ್ಳದೆ ಉದುರಿ ಹೋಗುವ ಹಾಗೆ ಕಡೆದಿದ್ದರು. ಮಲೇಷ್ಯಾದ ರಬ್ಬರ್ ತೋಟಗಳ ಕೂಲಿಗಳು ಮೆಟ್ಟುವ ಒಂದೇ ಅಚ್ಚಿನ ಅಗ್ಗದ ರಬ್ಬರ್ ಶೂ ಅಲ್ಲಿನ ಕಾಡು ಸುತ್ತುವವರಿಗೂ ಪ್ರಿಯ. ಅದಕ್ಕೆ ಕುಡಿಯಲು ಬಟ್ಟೆಯಿಲ್ಲ, ಸ್ಪಂಜಿಲ್ಲ. ಜಪಾನಿನಲ್ಲಿ ಬೆಟ್ಟದ ತೊರೆಯ ಪಾತ್ರದಲ್ಲೇ ಹತ್ತುವ ಸಾವಾನೊಬೊರಿ ಎಂಬ ಚಾರಣ ಪದ್ಧತಿಯವರು ಹಿಂದೆ ಒಣಹುಲ್ಲಿನಿಂದ ಹೆಣೆದ ಮೆಟ್ಟು ಕಟ್ಟಿಕೊಳ್ಳುತ್ತಿದ್ದರು. ಆಮೇಲೆ ಫೆಲ್ಟ್ ಅಟ್ಟೆಯ ಶೂಗೆ ಬಂದರು. ಪಾಚಿಯ ಮೇಲೆ ಒದ್ದೆ ನಾರು ರಬ್ಬರಿಗಿಂತ ಚೆನ್ನಾಗಿ ಕಚ್ಚಿಕೊಳ್ಳುತ್ತದೆ ಎಂಬುದು ಅದರ ಹಿಂದಿನ ತಿಳಿವಳಿಕೆ. ಒಬ್ಬರಿಂದೊಬ್ಬರು ಕಲಿಯದ ಈ ಮೂರೂ ಕಡೆಯವರು ಕಾಲು ಒದ್ದೆಯಾಗುತ್ತದೆ ಎಂಬುದನ್ನು ಒಪ್ಪಿಕೊಂಡೇ ಮುಂದಿನದನ್ನು ಯೋಚಿಸಿದರು. ನಮ್ಮ ಕಾಫಿ ತೋಟದ ಆಳುಗಳ ಗಂಬೂಟು ಮಾತ್ರ ನಿಜಕ್ಕೂ ನೀರು ತಡೆಯುವಂಥದ್ದು. ಆದರೆ ಅದನ್ನು ತಲೆಕೆಳಗು ಮಾಡಿದರೆ ನೀರೆಲ್ಲ ಹೋಯಿತು, ಬಟ್ಟೆಯಲ್ಲಿ ಒರೆಸಿದರೆ ಒಣಗಿತು. ಪೊರೆಯ ಬೂಟಿಗೆ ತೆರುವ ಬೆಲೆಯ ಸಣ್ಣ ಪಾಲಿಗೆ ಸಿಗುವ ಈ ಗಂಬೂಟನ್ನು, ಇಳಿಜಾರಿನಲ್ಲಿ ಹಿಮ್ಮಡಿ ಜಾರುತ್ತದೆ ಎಂಬ ಒಂದು ನ್ಯಾಯವಾದ ದೂರನ್ನು ಬಿಟ್ಟರೆ, ಚಾರಣದ ಬರಹಗಾರರು ಕಡೆಗಣಿಸಲು ನನಗೆ ಬೇರೆ ಕಾರಣ ಕಾಣುವುದಿಲ್ಲ.

ಅಟ್ಟೆಯ ವಿಷಯಕ್ಕೆ ಬರೋಣ. ಇಟಲಿಯ ವಿಟಾಲೆ ಬ್ರಾಮಾನಿ 1935ರಲ್ಲಿ ಪುಂಟಾ ರಾಸಿಕಾ ಶಿಖರದಲ್ಲಿ ಆರು ಜನ ಸಂಗಡಿಗರನ್ನು ಕಳೆದುಕೊಂಡ. ಬಂಡೆ ಹತ್ತಲು ಹಾಕಿಕೊಂಡಿದ್ದ ಹಗುರ ಮೆಟ್ಟು ಹಿಮಗಾಳಿಯಲ್ಲಿ ಅವರ ಕೈಬಿಟ್ಟಿತ್ತು. ಕಲ್ಲಿಗೂ ಹಿಮಕ್ಕೂ ಒದಗುವ ಹಲ್ಲುಳ್ಳ ರಬ್ಬರ್ ಅಟ್ಟೆಯನ್ನು ಅವನು 1937ರಲ್ಲಿ ಹೊರತಂದ; ಅವನ ಹೆಸರಿನ ತುಣುಕುಗಳಿಂದಲೇ ಆದ ವಿಬ್ರಾಮ್ ಎಂಬ ಮುದ್ರೆ ಇಂದು ಅಸಂಖ್ಯ ಬೂಟುಗಳ ಅಡಿಯಲ್ಲಿದೆ. ಆದರೆ ಆ ಹಳದಿ ಮುದ್ರೆ ನೋಡಿ ಹಿಡಿತ ಚೆನ್ನಾಗಿದೆ ಎಂದು ಬರೆದು ಮುಗಿಸುವುದು ಸೋಮಾರಿತನ. ಅದೇ ಕಂಪನಿಯೇ ಹತ್ತಾರು ಬಗೆಯ ರಬ್ಬರ್ ಮಾಡುತ್ತದೆ. ಗಟ್ಟಿ ರಬ್ಬರ್ ವರ್ಷಗಟ್ಟಲೆ ಬಾಳುತ್ತದೆ, ಒದ್ದೆ ಬಂಡೆಯ ಮೇಲೆ ಜಾರುತ್ತದೆ. ಮೃದು ರಬ್ಬರ್ ಕಲ್ಲಿನ ಉಬ್ಬುತಗ್ಗಿಗೆ ತಗ್ಗಿಬಗ್ಗಿ ಹಿಡಿಯುತ್ತದೆ, ಬೇಗ ಸವೆಯುತ್ತದೆ. ಹಲ್ಲಿನ ಆಳ ಕೆಸರಿಗೆ ಬೇಕು, ಹಲ್ಲುಗಳ ನಡುವೆ ಜಾಗವೂ ಬೇಕು. ನುಣುಪು ಬಂಡೆಯ ಮೇಲೆ ಆಳದಿಂದ ಏನೂ ಆಗದು. ಅಲ್ಲಿ ಕಲ್ಲಿಗೆ ತಾಗುವ ರಬ್ಬರಿನ ವಿಸ್ತಾರ ಮತ್ತು ಮೆದುತನವೇ ಎಲ್ಲ. ಕುಮಾರಪರ್ವತಕ್ಕೆ ಹೋಗುವವರಿಗೆ ಕಾಡಿನ ಬೇರು, ಹುಲ್ಲುಗಾವಲಿನ ಜೇಡಿ, ಶೇಷಪರ್ವತದ ಬಂಡೆ ಮೂರೂ ಒಂದೇ ದಾರಿಯಲ್ಲಿ ಎದುರಾಗುತ್ತವೆ. ಮೂರಕ್ಕೂ ಒಂದೇ ಅಟ್ಟೆ ಸಮ ಬರುವುದಿಲ್ಲ. ಬಿದ್ದು ಮೂಳೆ ಮುರಿಯುವುದು ಬಂಡೆಯ ಮೇಲಾದ್ದರಿಂದ ಮೆದು ರಬ್ಬರಿನ ಪಕ್ಷ ವಹಿಸುವುದು ಸರಿ. ಅಂಗಡಿಯ ಗ್ರಾನೈಟ್ ನೆಲದ ಮೇಲೆ ಸ್ವಲ್ಪ ನೀರು ಚೆಲ್ಲಿಸಿ, ಒಂಟಿಕಾಲಿನಲ್ಲಿ ನಿಂತು ಭಾರ ಹೊರಳಿಸಿ ನೋಡುವುದು, ಬೂಟಿನ ಪೆಟ್ಟಿಗೆಯ ಮೇಲಿನ ಯಾವ ಮಾತಿಗಿಂತಲೂ ಹೆಚ್ಚು ತಿಳಿಸುತ್ತದೆ.

ಹಾಗಾದರೆ ಹಿಮಾಲಯಕ್ಕೆ? ಅಲ್ಲಿಗೆ ಪೊರೆಯ ಬೂಟು ತಕ್ಕದ್ದೇ. ಕರಗುವ ಹಿಮ ಬೂಟಿನ ಮೇಲೆ ಕೂರುತ್ತದೆಯೇ ಹೊರತು ಹಳ್ಳದಂತೆ ಒಳಗೆ ನುಗ್ಗುವುದಿಲ್ಲ, ಆವಿಯ ಒತ್ತಡದ ವ್ಯತ್ಯಾಸ ದೊಡ್ಡದಿರುತ್ತದೆ, ಮತ್ತು ಆ ಚಳಿಯಲ್ಲಿ ಒದ್ದೆ ಕಾಲು ಕಿರಿಕಿರಿಯಾಗಿ ಉಳಿಯದೆ ಅಪಾಯವಾಗುತ್ತದೆ. ಉಂಬಳದ ಮಾತೂ ಬರುತ್ತದೆ. ವಾಟರ್‌ಪ್ರೂಫ್ ಬೂಟು ಉಂಬಳವನ್ನು ತಡೆಯುವುದಿಲ್ಲ, ಅದು ಬೂಟಿನ ಮೇಲೇರಿ ಕಾಲುಚೀಲದ ಹೆಣಿಗೆಯಲ್ಲೇ ದಾರಿ ಮಾಡಿಕೊಳ್ಳುತ್ತದೆ. ಮೊಣಕಾಲಿನವರೆಗೆ ಬರುವ ಒತ್ತು ನೇಯ್ಗೆಯ ಚೀಲವೇ ಅದಕ್ಕೆ ಮದ್ದು, ಅದನ್ನು ಯಾವ ಶೂ ಜೊತೆಗೂ ಹಾಕಬಹುದು. ಹರಡಿಗೆ ಆಸರೆ ಬೇಕು ಎನ್ನುವವರ ಆಕ್ಷೇಪ ಇವೆರಡಕ್ಕಿಂತ ಗಟ್ಟಿ. ಬೆನ್ನ ಮೇಲೆ ಭಾರ ಹೊತ್ತು ಕಲ್ಲುದಾರಿ ಇಳಿಯುವವರಿಗೆ ಎತ್ತರದ ಬೂಟು ಬೇಕೆನಿಸುವುದು ಸಹಜ. ಆದರೆ ಎತ್ತರವೂ ಪೊರೆಯೂ ಒಂದಕ್ಕೊಂದು ಅಂಟಿಕೊಂಡೇ ಇರಬೇಕೆಂಬ ನಿಯಮವಿಲ್ಲ. ಎತ್ತರದ ಮೈ, ಮೆದು ಅಟ್ಟೆ, ನೀರು ಹೋಗುವ ಕಣ್ಣು, ಇಷ್ಟಿದ್ದು ಪೊರೆಯಿಲ್ಲದ ಬೂಟು ಕೇಳಿದರೆ ನಮ್ಮ ಅಂಗಡಿಗಳಲ್ಲಿ ಆಯ್ಕೆ ತೀರಾ ಕಡಿಮೆ. ಅದಕ್ಕೆ ಕಾರಣ ತಯಾರಕರಷ್ಟೇ ಅಲ್ಲ. ಪ್ರತಿ ಬರಹದಲ್ಲೂ ವಾಟರ್‌ಪ್ರೂಫ್ ಎಂಬುದಕ್ಕೆ ಮೊದಲ ಅಂಕ ಕೊಡುತ್ತ ಬಂದ ವಿಮರ್ಶಕರೂ ಆ ಬೇಡಿಕೆಯನ್ನು ಹುಟ್ಟದ ಹಾಗೆ ಮಾಡಿದ್ದಾರೆ.

ಬರಹಗಳು ಬಿಟ್ಟುಬಿಡುವ ಇನ್ನೊಂದು ಸಂಗತಿಯಿದೆ. ಭಾರದ ಬೂಟುಗಳ ಅಟ್ಟೆಯ ಮೇಲಿನ ಮೆತ್ತೆಯ ಪದರ ಹೆಚ್ಚಾಗಿ ಪಾಲಿಯುರಿಥೇನಿನದು. ಶಾಖ ಮತ್ತು ತೇವ ಸೇರಿದರೆ ಆ ಪದಾರ್ಥ ಒಳಗಿಂದೊಳಗೇ ಒಡೆಯುತ್ತದೆ. ಹಾಕಿಕೊಳ್ಳದೆ ಕಪಾಟಿನಲ್ಲಿಟ್ಟ ಬೂಟಿಗೂ ಬಿಡುಗಡೆಯಿಲ್ಲ. ದುಬಾರಿಯದೆಂದು ಜೋಪಾನವಾಗಿ ಸುತ್ತಿಟ್ಟ ಬೂಟನ್ನು ಕೆಲವು ವರ್ಷಗಳ ನಂತರ ತೆಗೆದು ಬೆಟ್ಟ ಹತ್ತಿದರೆ, ಮೇಲ್ಭಾಗ ಹೊಸದರಂತಿದ್ದೂ ಅಟ್ಟೆ ಹಪ್ಪಳೆ ಹಪ್ಪಳೆಯಾಗಿ ಕಳಚಿ ಬರುತ್ತದೆ. ಹಗುರ ಶೂಗಳಲ್ಲಿ ಬಳಸುವ ಇವಿಎ ಪದರ ಬೇಗ ಚಪ್ಪಟೆಯಾದರೂ ಹೀಗೆ ಪುಡಿಯಾಗುವುದಿಲ್ಲ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಬೂಟು ಕಾದಿಡುವವರಿಗೆ ಈ ಒಂದು ವ್ಯತ್ಯಾಸ ಪೊರೆಯ ಎಲ್ಲ ಗುಣಗಳಿಗಿಂತ ಮುಖ್ಯ. ಹಳೆಯ ಬೂಟಿದ್ದರೆ ಹೊರಡುವ ಎರಡು ವಾರ ಮೊದಲೇ ಹೊರತೆಗೆದು, ಅಟ್ಟೆಯ ಅಂಚನ್ನು ಹೆಬ್ಬೆರಳಿನಿಂದ ಒತ್ತಿ, ಮಡಚಿ, ಊರಿನ ಸುತ್ತ ನಾಲ್ಕಾರು ಕಿಲೋಮೀಟರ್ ನಡೆದು ನೋಡಬೇಕು. ಬಿರುಕು ಕಂಡರೆ ಅಂಟು ಹಾಕಿಸಿ ಪ್ರಯೋಜನವಿಲ್ಲ, ಪುಡಿಯಾಗುವ ಪದರಕ್ಕೆ ಅಂಟು ಹಿಡಿಯುವುದಿಲ್ಲ.